ಕ್ಯಾನ್ಸರ್ ಓಡಿಸಲು ಎರಡು ಕಿಲೋಮೀಟರ್

ಫೆಬ್ರವರಿ 4 ವಿಶ್ವ ಕ್ಯಾನ್ಸರ್ ದಿನ. 2000ನೇ ಇಸವಿಯಲ್ಲಿ ಪ್ಯಾರಿಸ್‌ನ ಸಮ್ಮೇಳನವೊಂದರಲ್ಲಿ ಹುಟ್ಟಿದ ದಿನ ಇದು. ಹಾಸನದ ಫ್ಲೆಕ್ಸ್ ಅಂಗಡಿಗಳಿಗೆ ಇಷ್ಟೊಂದು ಉಪಕಾರ ಆಗುತ್ತೆ ಅಂತ ಅಲ್ಲಿ ಕೂತವರಿಗೆ ಗೊತ್ತಿರಲಿಕ್ಕಿಲ್ಲ. ಮಹಾರಾಜ ಪಾರ್ಕ್‌ನಿಂದ ಎನ್.ಆರ್. ಸರ್ಕಲ್‌ವರೆಗೆ ಕಂಬಕ್ಕೊಂದು ಮುಖ. ಕೈಮುಗಿದ ಮುಖಗಳ ಮಧ್ಯೆ ಕ್ಯಾನ್ಸರ್ ಎಲ್ಲಿದೆ ಅಂತ ಹುಡುಕಬೇಕು. ಒಂದರಲ್ಲಂತೂ 'ಕ್ಯಾನ್ಸರ್ ದಿನದ ಹಾರ್ದಿಕ ಶುಭಾಶಯಗಳು' ಎಂದೇ ಇತ್ತು.

ಈ ಸಲದ ಸಹಾಯಾರ್ಥ ನಡಿಗೆಗೆ ನಾನೂ ಹೋಗಿದ್ದೆ. ಆರೂವರೆಗೆ ಶುರು ಅಂದಿದ್ದರು. ಏಳೂವರೆಗೆ ಮೈಕಿನವನು 'ಹಲೋ ಚೆಕ್' ಅಂದ. ಎಂಟಕ್ಕೆ ಗಣ್ಯರು ಕಾರಿನಿಂದ ಇಳಿದು ಹಸಿರು ನಿಶಾನೆ ತೋರಿಸಿ, ಮತ್ತೆ ಕಾರು ಹತ್ತಿದರು. ನಾವು ಬೆವರುತ್ತಾ ಕೊನೆ ಮುಟ್ಟಿದಾಗ ಸ್ವಾಗತಿಸಲು ಅವರೇ ನಿಂತಿದ್ದರು. ಮರುದಿನದ ಪತ್ರಿಕೆಯಲ್ಲಿ ಅವರು 'ಉತ್ಸಾಹದಿಂದ ಹೆಜ್ಜೆ ಹಾಕಿದರು'.

ಟೀಶರ್ಟ್ ಬಗ್ಗೆ ಹೇಳಲೇಬೇಕು. ಎದೆ ಮೇಲೆ ಸಣ್ಣದೊಂದು ರಿಬ್ಬನ್. ಬೆನ್ನ ತುಂಬ ಪ್ರಾಯೋಜಕರು: ಒಡವೆ ಅಂಗಡಿ, ಸೈಟು ಮಾರುವವರು, ಕಲ್ಯಾಣ ಮಂಟಪ. ಕೊನೆಯ ಸಾಲಿನಲ್ಲಿ ಒಬ್ಬ 'ಜನರಲ್ ಮರ್ಚೆಂಟ್'. ಅವರ ಜನರಲ್ ವ್ಯಾಪಾರ ಪಾನ್ ಮಸಾಲದ ಹೋಲ್‌ಸೇಲ್ ಅಂತ ಪಕ್ಕದಲ್ಲಿ ನಡೆಯುತ್ತಿದ್ದವರು ಕಿವಿಯಲ್ಲಿ ಹೇಳಿದರು. ಗಿರಾಕಿಗಳನ್ನು ಕೊನೆವರೆಗೂ ಕೈಬಿಡದ ವ್ಯಾಪಾರಿ ಅಂದರೆ ಇವರು ನೋಡಿ.

'ಬೇಡ ಬೇಡ, ತಂಬಾಕು ಬೇಡ' ಅಂತ ಎನ್‌ಎಸ್‌ಎಸ್ ಹುಡುಗರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಹಾಜರಾತಿ ಇತ್ತಲ್ಲ. ದಾರಿಯ ಗೂಡಂಗಡಿಯಲ್ಲಿ ಸ್ಯಾಚೆಟ್‌ಗಳ ಸರ ಎಂದಿನಂತೆ ತೂಗಾಡುತ್ತಿತ್ತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಬೆರೆಸುವ ಕೆಲಸ ಗಿರಾಕಿಯದು, ಹೀಗಾಗಿ ಕಾನೂನಿಗೆ ನೋವಿಲ್ಲ. ನಮ್ಮ ಮೆರವಣಿಗೆಯಿಂದ ಜಾರಿಕೊಂಡ ಒಬ್ಬರು ಎರಡೂ ಪೊಟ್ಟಣದ ಮೂತಿ ಹರಿದು, ಒಂದರೊಳಗೊಂದು ಸುರಿದು, ಚೆನ್ನಾಗಿ ಕುಲುಕಿ ಬಾಯಿಗೆ ಹಾಕಿಕೊಂಡು ಓಡಿ ಬಂದರು. ಮುಂದಿನ ಘೋಷಣೆಗೆ ಅವರದು ಬರೀ 'ಮ್ ಮ್'.

ವೇದಿಕೆಯಲ್ಲಿ ಮುಖ್ಯ ಅತಿಥಿಗಳು ತಂಬಾಕನ್ನು ಹಿಗ್ಗಾಮುಗ್ಗಾ ಬೈದರು. ಇದೇ ಜಿಲ್ಲೆಯ ಅರಕಲಗೂಡು ಕಡೆ ತಂಬಾಕು ಬೆಳೆಯುತ್ತಾರೆ, ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯೇ ಇದೆ. ಅಲ್ಲಿ ಮೈಕ್ ಸಿಕ್ಕರೆ ಇಂಥ ಭಾಷಣಕಾರರೇ ತಂಬಾಕಿಗೆ ಒಳ್ಳೆ ರೇಟು ಕೊಡಿ ಅಂತ ಗುಡುಗುತ್ತಾರೆ. ರೈತನನ್ನು ನಾನು ಬೈಯುವುದಿಲ್ಲ, ಸಾಲ ಅವನದು. ನನ್ನ ಬೆರಗು ಆ ನಾಲಿಗೆಯ ಬಗ್ಗೆ ಮಾತ್ರ.

ಸಹಾಯಾರ್ಥ ನಡಿಗೆ ಅಂದಾಗ ಕೆನಡಾದ ಟೆರ್ರಿ ಫಾಕ್ಸ್ ನೆನಪಾಗುತ್ತಾನೆ. ಮೂಳೆ ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡ ಹುಡುಗ. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು 143 ದಿನ, 5,373 ಕಿಲೋಮೀಟರ್ ಓಡಿದ. ಆ ಓಟವನ್ನು ಯಾವ ಕಂಪನಿಯ ಜಾಹೀರಾತಿಗೂ ಬಿಟ್ಟುಕೊಡಲಿಲ್ಲ. ಪಾಪ, ಅವನಿಗೆ ನಮ್ಮ ಸಂಘಟಕರ ಪರಿಚಯ ಇರಲಿಲ್ಲ. ಒಂದು ಶಾಲು, ಒಂದು ಮೈಸೂರು ಪೇಟ ಆದರೂ ಸಿಗುತ್ತಿತ್ತು.

ಶಾಮಿಯಾನದ ಹಿಂದೆ, ಜನರೇಟರ್ ಪಕ್ಕದಲ್ಲಿ, ತಪಾಸಣೆಯ ಟೇಬಲ್ಲೂ ಇತ್ತು ಅನ್ನಿ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆಸ್ಪತ್ರೆಗಳ ಕಾರ್ಯಕ್ರಮದಲ್ಲೇ ಇದೆ, ದುಡ್ಡಿಲ್ಲ. ಆಶಾ ಕಾರ್ಯಕರ್ತೆ ಟಾರ್ಚ್ ಹಿಡಿದು "ಬನ್ನಿ ಸರ್, ಬಾಯಿ ತೋರಿಸಿ, ಎರಡೇ ನಿಮಿಷ" ಅಂತ ಕರೆಯುತ್ತಲೇ ಇದ್ದರು. ವೇದಿಕೆ ಮೇಲೆ ಗಂಟೆಗಟ್ಟಲೆ ಬಾಯಿ ಬಿಟ್ಟ ಒಬ್ಬರೂ ಅಲ್ಲಿ ಬಾಯಿ ಬಿಡಲಿಲ್ಲ. ಉಪ್ಪಿಟ್ಟು–ಕೇಸರಿಬಾತಿನ ಸಾಲು ಮಾತ್ರ ಗೇಟು ದಾಟಿತ್ತು.

ಕ್ಯಾನ್ಸರ್ ಗೆದ್ದು ಬಂದ ಒಬ್ಬ ಅಮ್ಮನಿಗೆ ಸನ್ಮಾನ. ಶಾಲು ಹೊದಿಸಿದರು. ಅತಿಥಿಗಳು ಕ್ಯಾಮೆರಾ ನೋಡಿರಲಿಲ್ಲ, ಅದಕ್ಕೆ ಶಾಲು ತೆಗೆದು ಮತ್ತೆ ಹೊದಿಸಿದರು. ಸ್ವಾಗತ ಭಾಷಣಕ್ಕೆ ಅರ್ಧ ಗಂಟೆ ಹೋಗಿತ್ತು, ಇವರಿಗೆ ಎರಡು ನಿಮಿಷ. ಅಮ್ಮ ನೇರವಾಗಿ ಹೇಳಿದರು: "ಬೆಂಗಳೂರಿನ ಕಿದ್ವಾಯಿಗೆ ಹೋಗ್ಬೇಕಾದ್ರೆ ಜೊತೆಗೊಬ್ಬರು ಬೇಕು. ಅವರ ಕೂಲಿ ಹೋಗುತ್ತೆ, ಬಸ್ ಚಾರ್ಜು, ಊಟ, ಉಳಿಯೋಕೆ ಜಾಗ. ಕೂಡಿದ ದುಡ್ಡಲ್ಲಿ ಅದಕ್ಕೇನಾದ್ರೂ ಮಾಡಿ ಸ್ವಾಮಿ." ನಿರೂಪಕಿ ಮೈಕ್ ತೆಗೆದುಕೊಂಡು, "ಎಂಥಾ ಸ್ಫೂರ್ತಿದಾಯಕ ಮಾತು! ಜೋರು ಚಪ್ಪಾಳೆ ಬರಲಿ" ಅಂದರು. ಬಂತು. ಆಮೇಲೆ ಲಕ್ಕಿ ಡ್ರಾ.

ಕೂಡಿದ ದುಡ್ಡಿನ ಲೆಕ್ಕವೂ ತಿಳಿಯಿತು. ಶಾಮಿಯಾನ, ಮೈಕ್ ಸೆಟ್, ಫ್ಲೆಕ್ಸ್, ಟೀಶರ್ಟ್, ಪೇಟ, ಶಾಲು, ನೆನಪಿನ ಕಾಣಿಕೆ, ತಿಂಡಿ, ಡ್ರೋನ್ ಕ್ಯಾಮೆರಾ ಕಳೆದು ಉಳಿದದ್ದನ್ನು ಥರ್ಮೋಕೋಲ್ ಚೆಕ್‌ನಲ್ಲಿ ಬರೆದು ಕೊಟ್ಟರು. ಚೆಕ್ ಹಿಡಿಯಲು ಆರು ಜನ ಬೇಕಾಯಿತು. ಮೊತ್ತದ ಜಾಗದ ಮೇಲೆ ಒಬ್ಬರ ಕೈ ಬಿದ್ದಿದ್ದರಿಂದ ಫೋಟೋದಲ್ಲಿ ಓದಲಾಗಲಿಲ್ಲ.

ಮುಂದಿನ ವರ್ಷದ ಸಿದ್ಧತೆಗೆ ಈಗಾಗಲೇ ಸಭೆ ಸೇರಿದೆಯಂತೆ. ಒಂದೇ ವಿಷಯಕ್ಕೆ ಒಮ್ಮತ ಬಂದಿದೆ: ಪಿಂಕ್ ಟೀಶರ್ಟ್ ಬೇಡ, ಕೊಳೆ ಜಾಸ್ತಿ ಕಾಣುತ್ತೆ, ನೇವಿ ಬ್ಲೂ ಮಾಡಿಸೋಣ.