ರಾಗಿಯ ಜೀನ್‌ಗಳ ಪಟ್ಟಿ ಇನ್ನೂ ಮುಗಿದಿಲ್ಲ

ನಿನ್ನೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ರಾಗಿಯ ಜೀನೋಮ್, ಅಂದರೆ ಗಿಡದ ಇಡೀ ಡಿಎನ್‌ಎ ಬರಹ, ಓದಿ ಮುಗಿದಿದೆ, ಇನ್ನು ಬೇಕಾದ ತಳಿ ರೂಪಿಸುವುದಷ್ಟೇ ಬಾಕಿ ಎಂದು ಭಾಷಣಕಾರರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ನನಗೆ ಚಪ್ಪಾಳೆಗೆ ಕೈ ಎತ್ತಲಾಗಲಿಲ್ಲ. ರಾಗಿಯ ತಾಕುಗಳಲ್ಲಿ ವರ್ಷಗಳನ್ನು ಕಳೆದ ನನಗೆ ಆ ಮಾತು ಸಿಟ್ಟು ತರಿಸಿತು.

2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಮುಂದಾಳತ್ವದಲ್ಲಿ ಎಂಎಲ್-365 ಎಂಬ ರಾಗಿ ತಳಿಯ ಜೀನೋಮ್ ಪ್ರಕಟವಾದಾಗ ನಾನು ಹಿಗ್ಗಿದ್ದೆ. ಆ ಹಿಗ್ಗು ಇಂದಿಗೂ ಇದೆ. ಜೋಡಿಸಿದ್ದು ಡಿಎನ್‌ಎಯ ಸುಮಾರು 120 ಕೋಟಿ ಅಕ್ಷರಗಳು, ಗುರುತಿಸಿದ್ದು 85,243 ಜೀನ್‌ಗಳು. ಆದರೆ ಈ ಸಂಖ್ಯೆ ಕಂಪ್ಯೂಟರಿನ ಅಂದಾಜು. ಚಿಕ್ಕ ಚಿಕ್ಕ ತುಣುಕುಗಳಾಗಿ ಓದಿದ ಡಿಎನ್‌ಎಯನ್ನು ಹೊಂದಿಸುವಾಗ ಒಂದೇ ಜೀನ್ ಎರಡು ತುಂಡಾಗಿ ಎರಡು ಸಲ ಎಣಿಕೆಗೆ ಬರುವುದುಂಟು. ಮೇಲಾಗಿ ಡಿಎನ್‌ಎ ಹೊತ್ತ ರಾಗಿಯ 36 ವರ್ಣತಂತುಗಳಲ್ಲಿ 18 ಒಂದು ಪೂರ್ವಜ ಹುಲ್ಲಿನಿಂದ, ಉಳಿದ 18 ಮತ್ತೊಂದರಿಂದ ಬಂದಿವೆ. ಒಡಹುಟ್ಟಿದವರಂತೆ ಹೋಲುವ ಈ ಪ್ರತಿಗಳಲ್ಲಿ ಯಾವುದು ಯಾವ ಕಡೆಯದೆಂದು ಬೇರ್ಪಡಿಸುವುದೇ ದೊಡ್ಡ ಕೆಲಸ. ವರ್ಣತಂತುಗಳ ಮಟ್ಟಕ್ಕೆ ಜೋಡಿಸಿದ ನಕ್ಷೆ 2023ರಲ್ಲಿ ಬಂದಿತು. ಅದರ ನೆರವಿನಿಂದ ಹೂವಿನ ಶಲಾಕಾಗ್ರದ (ಪರಾಗ ಅಂಟುವ ತುದಿಯ) ನೇರಳೆ ಬಣ್ಣಕ್ಕೆ ಕಾರಣವಾಗಿರಬಹುದಾದ ಜೀನ್ ಒಂದನ್ನು ಗುರುತಿಸಿದರು. ಒಂದು ಬಣ್ಣಕ್ಕೆ ಇಷ್ಟು ದುಡಿಮೆ ಬೇಕಾಯಿತು; ಹಾಗಿರುವಾಗ ಮುಗಿಯಿತೆಂಬ ಮಾತು ಹೇಗೆ ಬಂತು?

ಭತ್ತದ ಜೀನೋಮ್ 2005ರಲ್ಲೇ ಪ್ರಕಟವಾಗಿದೆ, ಅಲ್ಲಿನ ಜೀನ್‌ಗಳ ಕೆಲಸವನ್ನು ರಾಗಿಗೂ ಹೊಂದಿಸಿಕೊಳ್ಳಬಹುದಲ್ಲ ಎಂದು ಕಿರಿಯ ಗೆಳೆಯರೊಬ್ಬರು ವಾದಿಸಿದರು. ಕೆಲವಕ್ಕೆ ಅದು ಸಾಕು. ಆದರೆ 100 ಗ್ರಾಂ ರಾಗಿಯಲ್ಲಿರುವ ಮುನ್ನೂರಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಕಾಳಿಗೆ ಹೇಗೆ ತಲುಪುತ್ತದೆ ಎಂಬುದನ್ನು, ಅಷ್ಟು ಕ್ಯಾಲ್ಸಿಯಂ ಕೂಡಿಡದ ಭತ್ತ ಹೇಗೆ ಹೇಳಿಕೊಟ್ಟೀತು? ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಆಹಾರವಾಗಿಸುವ ಬಗೆಯೇ ಇವೆರಡರಲ್ಲಿ ಬೇರೆ. ಶಿಲೀಂಧ್ರದಿಂದ ಬರುವ ಬೆಂಕಿ ರೋಗವನ್ನು ತಡೆಯುವ ಗುಣವನ್ನು ಹುಡುಕಲು ರಾಗಿಯ ಹೊಲಕ್ಕೇ ಇಳಿಯಬೇಕು.

ನನ್ನ ಸಂಕಟ ಇರುವುದೂ ಇಲ್ಲಿಯೇ. ಜೀನ್‌ಗಳ ಪಟ್ಟಿಯಲ್ಲಿ ಪ್ರತಿ ಸಾಲಿಗೂ ಒಂದು ಸಂಖ್ಯೆ ಇದೆ, ಬಹಳಷ್ಟು ಸಾಲುಗಳ ಮುಂದೆ ಅದು ಮಾಡುವ ಕೆಲಸ ಬರೆದಿಲ್ಲ. ಆ ಖಾಲಿ ಜಾಗ ತುಂಬುವುದು ತೆನೆ ನೋಡಿ, ಮಳೆ ಹಿಂದೆಗೆದ ವರ್ಷ ಯಾವ ರಾಗಿ ನಿಂತಿತೆಂದು ಬರೆದಿಟ್ಟವರ ದಾಖಲೆಯಿಂದ. ಮಂಡ್ಯದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮದರೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟಾಗ ಅವರ ಬಳಿ ಯಾವ ಜೀನೋಮೂ ಇರಲಿಲ್ಲ, ಗಿಡ ನೋಡಿದ ಕಣ್ಣಿತ್ತು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವಿದ್ಯಾರ್ಥಿಯಾಗಿದ್ದಾಗ ರೈತರು ಉಂಡೆ ರಾಗಿ, ಬಿಳಿ ರಾಗಿ ಎಂದು ಹೆಸರಿಟ್ಟು ಕೊಟ್ಟ ಬೀಜಗಳಿಗೆ ನಾನು ಬರೀ ಕ್ರಮಸಂಖ್ಯೆ ಬರೆದೆ. ಹೆಸರನ್ನೂ, ಯಾವ ಮಣ್ಣಿಗೆ ಒಗ್ಗುತ್ತದೆಂದು ಅವರು ಹೇಳಿದ್ದನ್ನೂ ಬಿಟ್ಟೆ. ಆ ಮಾತುಗಳು ಈಗ ಎಲ್ಲಿಯೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ರಾಗಿ ಬೀಜ ಉಳಿದಿದ್ದರೆ, ಅದರ ಹೆಸರನ್ನೂ ಹಿರಿಯರು ಹೇಳುವುದನ್ನೂ ಇಂದೇ ಒಂದು ಚೀಟಿಯಲ್ಲಿ ಬರೆದು ಬೀಜದ ಜೊತೆಗಿಡಿ.