ಎಂಟು ಲೈಟ್ ಹತ್ತಿದ ಮಾತ್ರಕ್ಕೆ ಕೇಬಲ್ ಪಾಸ್ ಅಲ್ಲ

‘ಟೆಸ್ಟರ್‌ನಲ್ಲಿ ಎಂಟೂ ಲೈಟ್ ಸಾಲಾಗಿ ಹತ್ತಿದರೆ ಸಾಕು, ಕ್ಯಾಟ್ 6 ಕೇಬಲ್ ಗಿಗಾಬಿಟ್‌ಗೆ ಪಾಸ್’ ಎಂಬ ಮಾತು ನೆಟ್‌ವರ್ಕ್ ವೈರಿಂಗ್ ಮಾಡುವವರ ನಡುವೆ ಓಡಾಡುತ್ತಿದೆ. ಇದು ತಪ್ಪು. (ಕ್ಯಾಟ್ 6 ಅಂದರೆ ಎಂಟು ತಂತಿಗಳನ್ನು ಎರಡೆರಡಾಗಿ ಹುರಿ ಮಾಡಿದ ನೆಟ್‌ವರ್ಕ್ ಕೇಬಲ್; ಗಿಗಾಬಿಟ್ ಅಂದರೆ 1000 ಎಂಬಿಪಿಎಸ್ ವೇಗ.)

ಆ ಸಣ್ಣ ಟೆಸ್ಟರ್ ನೋಡುವುದು ಒಂದನ್ನೇ: ಈ ತುದಿಯ ಪಿನ್ ಆ ತುದಿಯ ಅದೇ ಪಿನ್‌ಗೆ ಸೇರಿದೆಯಾ ಅಂತ. ವೇಗದ ವಿಷಯ ಅದಕ್ಕೆ ಗೊತ್ತೇ ಆಗುವುದಿಲ್ಲ.

ನೀವೇ ಮಾಡಿ ನೋಡಬಹುದು. ಜೋಡಿ ತಂತಿಗಳನ್ನು 1-2, 3-4, 5-6, 7-8 ಅಂತ ಎರಡೂ ಕಡೆ ಸಾಲಾಗಿ ಕ್ರಿಂಪ್ ಮಾಡಿ, ಅಂದರೆ ಕನೆಕ್ಟರ್‌ನೊಳಗೆ ಒತ್ತಿ ಕೂರಿಸಿ. ಎಂಟೂ ಲೈಟ್ ಚೆನ್ನಾಗಿ ಹತ್ತುತ್ತವೆ. ಆದರೆ ಈಥರ್ನೆಟ್‌ಗೆ, ಅಂದರೆ ಕೇಬಲ್ ನೆಟ್‌ವರ್ಕ್‌ಗೆ, 3 ಮತ್ತು 6 ಒಂದು ಜೋಡಿ, 4 ಮತ್ತು 5 ಇನ್ನೊಂದು. ಇಲ್ಲಿ ಆ ಜೋಡಿಗಳು ಒಡೆದು ಬೇರೆ ಬೇರೆ ಹುರಿಗೆ ಸೇರಿವೆ. ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ. ಕೇಬಲ್ ಉದ್ದವಿದ್ದರೆ ಲಿಂಕ್ 100 ಎಂಬಿಪಿಎಸ್‌ಗೆ ಇಳಿಯಬಹುದು, ಆಗಾಗ ಕಡಿದೂ ಹೋಗಬಹುದು.

ಕನೆಕ್ಟರ್ ಹತ್ತಿರ ಹುರಿ ಬಿಚ್ಚುವುದು 13 ಮಿಲಿಮೀಟರ್ ದಾಟಬಾರದು, ಅಂದರೆ ಅರ್ಧ ಇಂಚು. ಕೈಗೆ ಸುಲಭ ಅಂತ ಸುಮ್ನೆ ಎರಡಿಂಚು ಬಿಚ್ಚಿದರೂ ಲೈಟ್ ಹತ್ತುತ್ತದೆ, ಅಲ್ವಾ?

ನಿಜವಾದ ಪರೀಕ್ಷೆಗೆ ಸರ್ಟಿಫೈಯರ್ ಬೇಕು. ಅದು ಕ್ಯಾಟ್ 6ಗೆ 250, ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್ 6ಎಗೆ 500 ಮೆಗಾಹರ್ಟ್ಸ್‌ವರೆಗೆ ಸಿಗ್ನಲ್ ಕಳಿಸಿ, ಎಷ್ಟು ಸೋರಿತು, ಎಷ್ಟು ಕುಗ್ಗಿತು, ಕನೆಕ್ಟರ್‌ನಿಂದ ಎಷ್ಟು ವಾಪಸ್ ಬಂತು ಎಂದು ಅಳೆಯುತ್ತದೆ. ಬೆಲೆ ಜಾಸ್ತಿ, ನಿಜ. ಬಾಡಿಗೆಗಾದರೂ ತನ್ನಿ. ಗೋಡೆ ಮುಚ್ಚುವ ಮೊದಲೇ ಪ್ರತಿ ಲಿಂಕನ್ನೂ ಅಳೆದುಬಿಡಿ.