ಪ್ರಶ್ನೆಗಳನ್ನು ಮಕ್ಕಳಿಗೆ ಕೊಟ್ಟು ನೋಡಬೇಕೇ? ಪರ–ವಿರೋಧ

1997ರ ಫೆಬ್ರುವರಿ 4ರಂದು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಸಂಸತ್ತಿನ ಮುಂದೆ ಒಂದು ಯೋಜನೆ ಇಟ್ಟರು. ನಾಲ್ಕನೇ ತರಗತಿಯವರಿಗೆ ಓದಿನಲ್ಲಿ, ಎಂಟನೇ ತರಗತಿಯವರಿಗೆ ಗಣಿತದಲ್ಲಿ ದೇಶಕ್ಕೆಲ್ಲ ಒಂದೇ ಪರೀಕ್ಷೆ. ಸೇರುವುದು ಬಿಡುವುದು ಆಯಾ ರಾಜ್ಯದ ಇಷ್ಟ. 1999ರ ಹೊತ್ತಿಗೆ ಮೊದಲ ಪರೀಕ್ಷೆ ನಡೆಯಬೇಕಿತ್ತು. ಆದರೆ 1997ರ ಸೆಪ್ಟೆಂಬರ್‌ನಲ್ಲೇ ಕೆಳಮನೆ 295–125 ಮತಗಳಿಂದ ಇದಕ್ಕೆ ಹಣ ಕೊಡಕೂಡದು ಎಂದಿತು. ನವೆಂಬರ್‌ನಲ್ಲಿ ಒಂದು ರಾಜಿಯಾಯಿತು. ಪ್ರಶ್ನೆ ಬರೆಯುವ ಕೆಲಸ ನಡೆಯಲಿ, ಅದರ ಹೊಣೆ ಶಿಕ್ಷಣ ಇಲಾಖೆಯಿಂದ ನ್ಯಾಷನಲ್ ಅಸೆಸ್‌ಮೆಂಟ್ ಗವರ್ನಿಂಗ್ ಬೋರ್ಡ್ ಎಂಬ ಮಂಡಳಿಗೆ ಹೋಗಲಿ. ಬರೆದ ಪ್ರಶ್ನೆಗಳನ್ನು ಮಾತ್ರ ಶಾಲೆಗಳಲ್ಲಿ ಪ್ರಯೋಗಿಸಿ ನೋಡುವಂತಿಲ್ಲ. ಮರುವರ್ಷವೂ ಆ ನಿಷೇಧ ಮುಂದುವರಿಯಿತು. ಪರೀಕ್ಷೆ ಕೊನೆಗೂ ನಡೆಯಲಿಲ್ಲ.

ಆ ನಿಷೇಧ ಸರಿಯಿತ್ತೇ? ಪರೀಕ್ಷೆ ಬೇಕೋ ಬೇಡವೋ ಎಂಬುದೇ ಇತ್ಯರ್ಥವಾಗದಿರುವಾಗ ಅದರ ಪ್ರಶ್ನೆಗಳನ್ನು ಮಕ್ಕಳ ಮುಂದಿಡಬಹುದೇ?

ಪರ: ತೂಗಬೇಕಿರುವುದು ಪ್ರಶ್ನೆಯನ್ನು

ಎಂಟನೇ ತರಗತಿಗೆ ಇಂಥದೊಂದು ಪ್ರಶ್ನೆ ಬರೆದಿದ್ದೇವೆ ಎಂದುಕೊಳ್ಳಿ: "ಒಂದು ಅಂಗಿಯ ಬೆಲೆ 40 ಡಾಲರ್. ಶೇ 25 ರಿಯಾಯಿತಿ ಕಳೆದು ಎಷ್ಟು ಕೊಡಬೇಕು?" ಆಯ್ಕೆಗಳು 10, 15, 30, 50. ಸರಿಯುತ್ತರ 30. ಉಳಿದ ಮೂರನ್ನು ಬಾಯಿಗೆ ಬಂದಂತೆ ಹಾಕಿದ್ದಲ್ಲ. 10 ಎಂದು ಗುರುತಿಸಿದ ಹುಡುಗ ರಿಯಾಯಿತಿಯನ್ನು ಸರಿಯಾಗಿಯೇ ಲೆಕ್ಕ ಹಾಕಿ ಅಲ್ಲಿಗೇ ನಿಲ್ಲಿಸಿದ್ದಾನೆ. 15 ಎಂದವಳು ಶೇಕಡಾ ಎಂಬ ಮಾತನ್ನೇ ಬಿಟ್ಟು 40ರಲ್ಲಿ 25 ಕಳೆದಿದ್ದಾಳೆ. 50 ಎಂದವನು ಕಳೆಯಬೇಕಾದಲ್ಲಿ ಕೂಡಿದ್ದಾನೆ. ಒಳ್ಳೆಯ ಪ್ರಶ್ನೆಯಲ್ಲಿ ತಪ್ಪುತ್ತರವೂ ಶಿಕ್ಷಕರಿಗೆ ಏನೋ ಹೇಳುತ್ತದೆ.

ಈಗ ಅದೇ ಪ್ರಶ್ನೆಯನ್ನು ತುಸು ಬದಲಿಸಿ: "40 ಡಾಲರಿನ ಅಂಗಿಗೆ ಶೇ 25 ರಿಯಾಯಿತಿ ಎಂದರೆ ಎಷ್ಟಾಯಿತು?" ಬರೆದವರ ತಲೆಯಲ್ಲಿರುವುದು ಕೊಡಬೇಕಾದ ಹಣ. ಓದುವ ಮಗುವಿಗೆ ರಿಯಾಯಿತಿಯ ಮೊತ್ತ ಎಂದು ಕಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಹತ್ತು ಮಂದಿ ಅನುಭವಿ ಶಿಕ್ಷಕರು ಮೇಜಿನ ಸುತ್ತ ಕೂತು ಓದಿದರೂ ಇದು ಕಣ್ತಪ್ಪಬಹುದು, ಏಕೆಂದರೆ ಅವರೆಲ್ಲರಿಗೂ ಉತ್ತರ ಮೊದಲೇ ಗೊತ್ತು. ಮಕ್ಕಳ ಕೈಗೆ ಕೊಟ್ಟ ದಿನ ಮಾತ್ರ ಬಯಲಾಗುತ್ತದೆ. ಪತ್ರಿಕೆಯ ಉಳಿದ ಲೆಕ್ಕಗಳನ್ನೆಲ್ಲ ಸಲೀಸಾಗಿ ಮಾಡಿದವರು ಇಲ್ಲಿ ಮಾತ್ರ 10ಕ್ಕೂ 30ಕ್ಕೂ ಹಂಚಿಹೋಗಿರುತ್ತಾರೆ. ಎಡವಿದ್ದು ಪ್ರಶ್ನೆ.

ಹೀಗೆ ಪ್ರಶ್ನೆಗಳನ್ನು ಮಕ್ಕಳಿಗೆ ಕೊಟ್ಟು ನೋಡುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಗಮನಿಸುವ ಮೊದಲ ಎರಡು ಸಂಗತಿ ಇವೇ. ಎಷ್ಟು ಪಾಲು ಮಕ್ಕಳು ಸರಿಯುತ್ತರ ಕೊಟ್ಟರು? ಒಟ್ಟಾರೆ ಚೆನ್ನಾಗಿ ಮಾಡಿದವರು ಈ ಪ್ರಶ್ನೆಯನ್ನೂ ಚೆನ್ನಾಗಿ ಮಾಡಿದರೇ? ಎರಡನೆಯದಕ್ಕೆ "ಇಲ್ಲ" ಎಂಬ ಉತ್ತರ ಬಂದರೆ ಪ್ರಶ್ನೆ ಕಸದ ಬುಟ್ಟಿಗೆ, ಇಲ್ಲವೇ ತಿದ್ದಲು ವಾಪಸ್ಸು. ಮಗುವಿನ ಅಂಕ ಎಲ್ಲೂ ದಾಖಲಾಗುವುದಿಲ್ಲ.

1998ರಲ್ಲಿ ಕಾನೂನು ಬಿಟ್ಟುಕೊಟ್ಟ ಸಣ್ಣ ಜಾಗದಲ್ಲೇ ಒಂದು ಒಳ್ಳೆಯ ಕೆಲಸವಾಯಿತು. ಕೆಲವು ಪ್ರಶ್ನೆಗಳನ್ನು ಇಟ್ಟುಕೊಂಡು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ಇದಕ್ಕೆ ಕಾಗ್ನಿಟಿವ್ ಲ್ಯಾಬ್ ಎನ್ನುತ್ತಾರೆ. ಮಗು ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತದೆ, ತಲೆಯಲ್ಲಿ ಓಡುವುದನ್ನೆಲ್ಲ ಹೇಳುತ್ತಾ ಹೋಗುತ್ತದೆ, ಎದುರಿಗಿದ್ದವರು ನಡುವೆ ಬಾಯಿ ಹಾಕದೆ ಬರೆದುಕೊಳ್ಳುತ್ತಾರೆ. ಇಂಥ ಕಡೆ ಕೂತವರಿಗೆ ಗೊತ್ತು: ಮಗು ಗದ್ಯಭಾಗವನ್ನು ಮುಟ್ಟದೆ ನೇರ ಪ್ರಶ್ನೆಗೆ ಹೋಗಿ, ನಾಲ್ಕು ಆಯ್ಕೆಗಳಲ್ಲಿ ಉದ್ದವಾಗಿರುವುದನ್ನು ಆರಿಸಿ ಮುಂದಕ್ಕೆ ಹೋಗಿಬಿಡುತ್ತದೆ, ಅದು ಸರಿಯೂ ಆಗಿರುತ್ತದೆ. ಓದದೆಯೇ ಉತ್ತರಿಸಬಹುದಾದ ಪ್ರಶ್ನೆ ಓದನ್ನು ಅಳೆಯುವುದಾದರೂ ಹೇಗೆ?

ಆದರೆ ಬೆರಳೆಣಿಕೆಯ ಮಕ್ಕಳೊಂದಿಗಿನ ಮಾತುಕತೆ ಇಷ್ಟನ್ನೇ ತೋರಿಸಬಲ್ಲದು. ಪ್ರಶ್ನೆ ಎಷ್ಟು ಕಷ್ಟದ್ದು, ಈ ವರ್ಷದ ಪತ್ರಿಕೆ ಮುಂದಿನ ವರ್ಷದ್ದಕ್ಕೆ ಸಮತೂಕವೇ ಎಂಬುದಕ್ಕೆ ನೂರಾರು ಮಕ್ಕಳ ಉತ್ತರ ಬೇಕು. ಅದಕ್ಕಿಂತ ದೊಡ್ಡ ಮಾತು ಪಕ್ಷಪಾತದ್ದು. ಗಣಿತದಲ್ಲಿ ಒಟ್ಟು ಅಂಕ ಸಮವಾಗಿರುವ ಎರಡು ಗುಂಪಿನ ಮಕ್ಕಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹಾಯಿದೋಣಿಯ ಸ್ಪರ್ಧೆಯನ್ನು ಕುರಿತ ಲೆಕ್ಕದಲ್ಲಿ ಮಾತ್ರ ಒಂದು ಗುಂಪು ಹಿಂದೆ ಬಿದ್ದರೆ, ಆ ಪ್ರಶ್ನೆ ಅಳೆಯುತ್ತಿರುವುದು ಗಣಿತವನ್ನೋ ದೋಣಿಯ ಪರಿಚಯವನ್ನೋ ಎಂದು ಕೇಳಲೇಬೇಕಾಗುತ್ತದೆ. ಎರಡೂ ಗುಂಪಿನಿಂದ ಸಾಕಷ್ಟು ಮಕ್ಕಳು ಉತ್ತರಿಸದೆ ಇದು ಗೊತ್ತಾಗುವ ದಾರಿಯೇ ಇಲ್ಲ. 1997ರಲ್ಲಿ ಯೋಜನೆಯನ್ನು ವಿರೋಧಿಸಿದವರಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ಸಮುದಾಯದ ಹಲವು ಜನಪ್ರತಿನಿಧಿಗಳಿದ್ದರು. ತಮ್ಮ ಮಕ್ಕಳಿಗೆ ಅನ್ಯಾಯವಾದೀತೆಂಬ ಅವರ ಭಯ ನ್ಯಾಯವಾದದ್ದೇ. ಆದರೆ ಆ ಅನ್ಯಾಯವನ್ನು ಮುಂಚಿತವಾಗಿ ಹಿಡಿದು ತೋರಿಸಬಲ್ಲ ಸಾಧನವನ್ನೇ ನಿಷೇಧ ಕಿತ್ತುಕೊಂಡಿತು. ನನಗೆ ಇವತ್ತಿಗೂ ನೋವು ಕೊಡುವುದು ಇದು.

ಅಮೆರಿಕದಲ್ಲಿ ಆಗಲೇ ಮಕ್ಕಳ ಕಲಿಕೆಯ ರಾಷ್ಟ್ರೀಯ ಸಮೀಕ್ಷೆ ಇತ್ತಲ್ಲ ಎನ್ನುತ್ತಾರೆ. ಇತ್ತು, 1969ರಿಂದ ನಡೆಯುತ್ತಿದೆ. ಅನ್ನ ಬೆಂದಿದೆಯೇ ಎಂದು ಒಂದಗುಳು ಹಿಸುಕಿ ನೋಡುವ ಕ್ರಮ ಅದು. ಆಯ್ದ ಶಾಲೆಗಳ ಆಯ್ದ ಮಕ್ಕಳು, ಒಬ್ಬೊಬ್ಬರಿಗೂ ಪತ್ರಿಕೆಯ ಒಂದು ತುಣುಕು. 1994ರಲ್ಲಿ ನಾಲ್ಕನೇ ತರಗತಿಯ ಶೇ 40 ಮಕ್ಕಳು ಓದಿನಲ್ಲಿ ಕನಿಷ್ಠ ಮಟ್ಟವನ್ನೂ ಮುಟ್ಟಿಲ್ಲ ಎಂದು ಅದು ದೇಶಕ್ಕೆ ಹೇಳಿತು. ಆ ನಲವತ್ತರಲ್ಲಿ ನನ್ನ ಮಗು ಇದೆಯೇ ಎಂದು ಕೇಳಿದ ತಾಯಿಗೆ ಅದರಲ್ಲಿ ಉತ್ತರವಿಲ್ಲ. ರಾಜ್ಯಗಳ ಬೇರೆ ಬೇರೆ ಪರೀಕ್ಷೆಗಳನ್ನೇ ಒಂದು ಅಳತೆಗೆ ಹೊಂದಿಸಬಹುದೇ ಎಂದು ಸಂಸತ್ತು ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಎಂಬ ತಜ್ಞರ ಸಂಸ್ಥೆಯನ್ನು ಕೇಳಿತು. ಅದು ಆಗದ ಮಾತು ಎಂಬ ಉತ್ತರ ಬಂತು. ಹಾಗಿದ್ದ ಮೇಲೆ ಒಂದು ಸಮಾನ ಪತ್ರಿಕೆಯನ್ನು ಎಚ್ಚರಿಕೆಯಿಂದ ಸಿದ್ಧಪಡಿಸುವುದರಲ್ಲಿ ತಪ್ಪೇನಿತ್ತು?

ಪ್ರಯೋಗಕ್ಕೆ ಕೂತ ಮಗು ಒಂದೆರಡು ಪಿರಿಯಡ್ ಕಳೆದುಕೊಳ್ಳುತ್ತದೆ, ನಿಜ. ಪ್ರಯೋಗವಾಗದ ಪ್ರಶ್ನೆ ನೇರವಾಗಿ ಪರೀಕ್ಷೆಗೆ ಬಂದರೆ ಒಂದು ಇಡೀ ತರಗತಿಯ ಮಕ್ಕಳು ಅದರಲ್ಲಿ ಸಿಕ್ಕಿಬೀಳುತ್ತಾರೆ. ಆಮೇಲೆ ಎಲ್ಲರಿಗೂ ಕೃಪಾಂಕ ಹಂಚಬಹುದು. ಆ ಪ್ರಶ್ನೆಯ ಮುಂದೆ ಹತ್ತು ನಿಮಿಷ ಒದ್ದಾಡಿ, ಮುಂದಿನ ಐದನ್ನು ಬಿಟ್ಟುಬಂದ ಹುಡುಗಿಗೆ ಆ ಹತ್ತು ನಿಮಿಷವನ್ನು ಯಾರು ತಂದುಕೊಡುತ್ತಾರೆ?

ವಿರೋಧ: ಮೊದಲು ಯಾಕೆಂದು ಹೇಳಿ

ಪ್ರಯೋಗ ಮಾಡಿದರೆ ಕೆಟ್ಟ ಪ್ರಶ್ನೆ ಸಿಕ್ಕಿಬೀಳುತ್ತದೆ ಎಂಬ ನಂಬಿಕೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದು ಅರ್ಧ ಮಾತ್ರ ಸತ್ಯ.

ಅಮೆರಿಕದ ಹೈಸ್ಕೂಲಿನವರು ಕಾಲೇಜು ಪ್ರವೇಶ ಪರೀಕ್ಷೆಗೆ ತಯಾರಿಯಾಗಿ ಬರೆಯುವ ಪಿಎಸ್‌ಎಟಿ ಪರೀಕ್ಷೆಯಲ್ಲಿ 1980ರಲ್ಲಿ ಒಂದು ಜ್ಯಾಮಿತಿಯ ಪ್ರಶ್ನೆ ಇತ್ತು. ಎರಡು ಪಿರಮಿಡ್‌ಗಳು. ಒಂದರ ತಳ ತ್ರಿಕೋನ, ಒಟ್ಟು ನಾಲ್ಕು ಮುಖ. ಇನ್ನೊಂದರ ತಳ ಚೌಕ, ಒಟ್ಟು ಐದು. ತ್ರಿಕೋನಗಳೆಲ್ಲ ಸಮಬಾಹು, ಒಂದೇ ಅಳತೆಯವು. ಒಂದರ ತ್ರಿಕೋನ ಮುಖಕ್ಕೆ ಇನ್ನೊಂದರ ತ್ರಿಕೋನ ಮುಖವನ್ನು ಸರಿಯಾಗಿ ಅಂಟಿಸಿದರೆ ಹೊರಗೆ ಕಾಣುವ ಮುಖ ಎಷ್ಟು? ಒಂಬತ್ತರಲ್ಲಿ ಅಂಟಿದ ಎರಡನ್ನು ಕಳೆದು ಏಳು, ಇದು ಪರೀಕ್ಷೆ ನಡೆಸಿದವರ ಉತ್ತರ. ಫ್ಲಾರಿಡಾದ ಹದಿನೇಳು ವರ್ಷದ ಹುಡುಗನೊಬ್ಬ ಐದು ಎಂದ. ರಟ್ಟಿನಲ್ಲಿ ಮಾಡಿ ಜೋಡಿಸಿ ನೋಡಿ: ಎರಡು ಕಡೆ ಅಕ್ಕಪಕ್ಕದ ಮುಖಗಳು ಒಂದೇ ಸಮತಲಕ್ಕೆ ಬಂದು ಒಂದೇ ಮುಖವಾಗಿಬಿಡುತ್ತವೆ. ಹುಡುಗ ಹೇಳಿದ್ದೇ ಸರಿ. 1981ರಲ್ಲಿ ತಪ್ಪನ್ನು ಒಪ್ಪಿಕೊಂಡು ಅಂಕ ತಿದ್ದಬೇಕಾಯಿತು.

ಇಂಥ ಪ್ರಶ್ನೆಯನ್ನು ಅಂಕಿಅಂಶದ ಜರಡಿಗೆ ಹಾಕಿದರೆ ಏನಾಗುತ್ತದೆ ಯೋಚಿಸಿ. ಗಣಿತದಲ್ಲಿ ಮುಂದಿರುವ ಹೆಚ್ಚಿನ ಮಕ್ಕಳು ಏಳು ಎನ್ನುತ್ತಾರೆ, ಹಿಂದಿರುವವರು ಬೇರೇನೋ ಹೇಳುತ್ತಾರೆ. ಜರಡಿ "ಬಹಳ ಒಳ್ಳೆಯ ಪ್ರಶ್ನೆ" ಎಂದು ಮೊಹರು ಒತ್ತುತ್ತದೆ. ಎಲ್ಲರಿಗಿಂತ ಆಳವಾಗಿ ಯೋಚಿಸಿದ ಒಬ್ಬ ಹುಡುಗ ಲೆಕ್ಕಕ್ಕೇ ಬರುವುದಿಲ್ಲ. ತಪ್ಪು ಹೊರಬಿದ್ದದ್ದು ಪ್ರಶ್ನೆ–ಉತ್ತರವನ್ನು ಪರೀಕ್ಷೆಯ ನಂತರ ಬಹಿರಂಗಪಡಿಸಿದ್ದರಿಂದ. ಪ್ರಯೋಗದ ಪ್ರಶ್ನೆಗಳನ್ನಾದರೋ ಮುಂದೆ ಬಳಸಬೇಕೆಂದು ಬೀಗ ಹಾಕಿ ಇಡುತ್ತಾರೆ. ತಂದೆತಾಯಿ ಕೇಳಿದರೂ ತೋರಿಸುವುದಿಲ್ಲ.

2012ರಲ್ಲಿ ನ್ಯೂಯಾರ್ಕ್ ರಾಜ್ಯದ ಎಂಟನೇ ತರಗತಿಯ ಓದಿನ ಪತ್ರಿಕೆಯಲ್ಲೂ ಹೀಗೇ ಆಯಿತು. ಮಾತಾಡುವ ಅನಾನಸ್ ಹಣ್ಣೊಂದು ಮೊಲದ ಜೊತೆ ಓಟಕ್ಕೆ ನಿಲ್ಲುವ ಕಥೆ; ಪ್ರಾಣಿಗಳು ಕೊನೆಗೆ ಹಣ್ಣನ್ನು ತಿಂದದ್ದೇಕೆ, ಅವುಗಳಲ್ಲಿ ಯಾವುದು ಜಾಣ ಎಂದೆಲ್ಲ ಪ್ರಶ್ನೆ. ಮಕ್ಕಳು ತಬ್ಬಿಬ್ಬಾದರು, ಸುದ್ದಿಯಾಯಿತು, ಆ ಪ್ರಶ್ನೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ರಾಜ್ಯ ಹೇಳಬೇಕಾಯಿತು. ಅದು ಹೊಸ ಪ್ರಶ್ನೆಯಲ್ಲ. ಬೇರೆ ರಾಜ್ಯಗಳಲ್ಲಿ ಮೊದಲೇ ಬಳಕೆಯಾಗಿದ್ದ ಗದ್ಯಭಾಗ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಯಾವ ಪ್ರಶ್ನೆ ಒಳ್ಳೆಯದು ಎಂಬುದು ಫಲಿತಾಂಶವನ್ನು ಏನು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಮಗು ಎಲ್ಲಿ ತಡವರಿಸುತ್ತಿದೆ ಎಂದು ಶಿಕ್ಷಕರಿಗೆ ತಿಳಿಸುವುದಾದರೆ ಒಂದು ಬಗೆಯ ಪ್ರಶ್ನೆ. ರಾಜ್ಯ ರಾಜ್ಯಗಳನ್ನು ಹೋಲಿಸುವುದಾದರೆ ಇನ್ನೊಂದು ಬಗೆ. ಪಾಸು–ಫೇಲು ತೀರ್ಮಾನಿಸುವುದಾದರೆ ಮತ್ತೊಂದು. ಅಲ್ಲಿ ಗೆರೆಯ ಆಸುಪಾಸಿನ ಮಕ್ಕಳನ್ನು ಬೇರ್ಪಡಿಸುವ ಪ್ರಶ್ನೆಗಳೇ ಹೆಚ್ಚು ಬೇಕು. ಅಮೆರಿಕದ ಯೋಜನೆಯಲ್ಲಿ ಈ ಮೂರರಲ್ಲಿ ಯಾವುದೆಂದು ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಈ ಅಂಕ ಇಟ್ಟುಕೊಂಡು ಒಬ್ಬೊಬ್ಬ ವಿದ್ಯಾರ್ಥಿಯನ್ನು ಮುಂದಿನ ತರಗತಿಗೆ ಕಳಿಸಬೇಕೇ, ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಕೊಡಬೇಕೇ, ಯಾವ ಮಟ್ಟದ ವಿಭಾಗಕ್ಕೆ ಹಾಕಬೇಕು ಎಂದು ತೀರ್ಮಾನಿಸಬಾರದು ಎಂದು ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಸ್ಪಷ್ಟವಾಗಿ ಶಿಫಾರಸು ಮಾಡಬೇಕಾಗಿ ಬಂತು. ಬಳಸುವವರು ರಾಜ್ಯದವರು, ಪರೀಕ್ಷೆ ಮಾಡುವವರು ಬೇರೆಯವರು. ಶಿಫಾರಸನ್ನು ಯಾರು ಕಾಯುತ್ತಾರೆ?

ನಿಷೇಧಕ್ಕಾಗಿ ಮುಂದೆ ನಿಂತು ಹೋರಾಡಿದ ಕೆಳಮನೆಯ ಸದಸ್ಯ ವಿಲಿಯಂ ಗುಡ್‌ಲಿಂಗ್ ರಾಜಕಾರಣಕ್ಕೆ ಬರುವ ಮೊದಲು ಶಿಕ್ಷಕರಾಗಿ, ಪ್ರಿನ್ಸಿಪಾಲರಾಗಿ ಕೆಲಸ ಮಾಡಿದವರು. ಶಾಲೆಗೆ ಒಂದು ಹೊಸ ಕಾಗದ ಬಂದರೆ ಅದು ಎಲ್ಲೆಲ್ಲಿ ಬೇರು ಬಿಡುತ್ತದೆ ಎಂದು ಇಂಥವರಿಗೆ ತಿಳಿದಿರುತ್ತದೆ. ಪ್ರಾಯೋಗಿಕ ಪರೀಕ್ಷೆ ಎಂದರೆ ಮುದ್ರಣ, ತರಬೇತಿ, ಸಾವಿರಾರು ಮಕ್ಕಳ ಉತ್ತರಪತ್ರಿಕೆ, ವರ್ಷಗಟ್ಟಲೆ ಲೆಕ್ಕಾಚಾರ. ಇಷ್ಟೆಲ್ಲ ಖರ್ಚು ಮಾಡಿ ಕೈಯಲ್ಲಿ ಸಿದ್ಧ ಪತ್ರಿಕೆ ಇಟ್ಟುಕೊಂಡವರು "ಬೇಡ" ಎಂದು ಬಿಟ್ಟುಬಿಡುತ್ತಾರೆ ಎಂದು ನಾನಂತೂ ನಂಬಲಾರೆ. 2002ರ ಜನವರಿಯಲ್ಲಿ ಬಂದ ಕಾಯ್ದೆ, ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಸುವುದನ್ನು ಕೇಂದ್ರದ ಹಣ ಪಡೆಯುವ ರಾಜ್ಯಗಳಿಗೆಲ್ಲ ಕಡ್ಡಾಯ ಮಾಡಿತು. ಅವು ರಾಜ್ಯಗಳದೇ ಪರೀಕ್ಷೆಗಳು, ಕ್ಲಿಂಟನ್ ಯೋಜನೆಯವಲ್ಲ. ಆದರೂ ಇಷ್ಟವಿದ್ದರೆ ಬನ್ನಿ ಎಂಬ ಮಾತಿಗೂ ಬರಲೇಬೇಕು ಎಂಬ ಮಾತಿಗೂ ನಡುವೆ ಐದೇ ವರ್ಷ.

ಇಷ್ಟಕ್ಕೂ ಇಲ್ಲಿ ಇಷ್ಟ ಯಾರದು? ರಾಜ್ಯದ್ದು, ಹೆಚ್ಚೆಂದರೆ ಜಿಲ್ಲೆಯದು. ಬೆಂಚಿನ ಮೇಲೆ ಕೂತ ಒಂಬತ್ತು ವರ್ಷದ ಮಗುವಿನದಲ್ಲ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮಗುವೂ ಓದಿನ ಪತ್ರಿಕೆಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಯೋಜನೆಯಲ್ಲಿತ್ತು. ಆ ಮಗು ಬಿಟ್ಟ ಖಾಲಿ ಜಾಗಗಳನ್ನು ಎಣಿಸಿ ಪಕ್ಷಪಾತ ಪತ್ತೆ ಮಾಡುತ್ತೇವೆ ಎಂಬುದರಲ್ಲಿ ಸಮಾಧಾನ ಎಲ್ಲಿದೆ? ಅನ್ಯಾಯವಾಗುತ್ತದೆಂದು ಕಣ್ಣಿಗೇ ಕಾಣುತ್ತಿರುವಾಗ ಅಳತೆಗೆ ಕಾಯಬೇಕಿಲ್ಲ.

ಅಂಕ ಸಿಗದ ಪತ್ರಿಕೆ ಎಂದು ಗೊತ್ತಾದ ಎಂಟನೇ ತರಗತಿಯವರು ಹೇಗೆ ಬರೆಯುತ್ತಾರೆ ಎಂಬುದನ್ನು ತರಗತಿಯಲ್ಲಿ ನಿಂತವರನ್ನೇ ಕೇಳಿ. ಮೊದಲ ಪುಟ ಶ್ರದ್ಧೆಯಿಂದ, ಎರಡನೆಯದು ಅವಸರದಿಂದ, ಕೊನೆಯದರಲ್ಲಿ ಸಾಲಾಗಿ ಒಂದೇ ಆಯ್ಕೆಗೆ ಗುರುತು. ಹೀಗೆ ಬಂದ ಲೆಕ್ಕದಲ್ಲಿ ಸುಲಭದ ಪ್ರಶ್ನೆಯೂ ಕಷ್ಟದ್ದಾಗಿ ಕಾಣುತ್ತದೆ. ಅದನ್ನು ನೆಚ್ಚಿಕೊಂಡು ನಿಜವಾದ ಪತ್ರಿಕೆ ಕಟ್ಟುತ್ತಾರೆ.

2012ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೆಲವು ತಂದೆತಾಯಿ ಮಕ್ಕಳನ್ನು ಇಂಥ ಪ್ರಯೋಗಕ್ಕೆ ಕೂರಿಸಲು ಒಪ್ಪಲಿಲ್ಲ. ನಾನು ಅವರ ಕಡೆ. ಪ್ರಯೋಗವೇ ಕೂಡದು ಎಂಬ ಹಟ ನನಗಿಲ್ಲ. ಅಂಕವನ್ನು ಯಾವುದಕ್ಕೆ ಬಳಸುತ್ತಾರೆ, ಯಾವುದಕ್ಕೆ ಬಳಸಲೇಬಾರದು ಎಂಬುದು ಮೊದಲು ಕಾನೂನಿನಲ್ಲಿ ಬರಲಿ. ಮಗುವನ್ನು ಕೂರಿಸುವ ಮುನ್ನ ಮನೆಗೆ ಪತ್ರ ಹೋಗಲಿ, ಬೇಡ ಎಂದವರ ಮಗು ಆ ಹೊತ್ತು ಲೈಬ್ರರಿಯಲ್ಲಿ ಓದಿಕೊಂಡಿರಲಿ. ಕೈಬಿಟ್ಟ ಪ್ರಶ್ನೆಗಳನ್ನು ಪ್ರಕಟಿಸಲಿ, ರಟ್ಟಿನ ಪಿರಮಿಡ್ ಮಾಡಿ ನೋಡುವ ಹುಡುಗರ ಕಣ್ಣಿಗೂ ಅವು ಬೀಳಲಿ. ಅಷ್ಟಾದ ಮೇಲೆ ಪತ್ರಿಕೆಯ ಕಟ್ಟು ಶಾಲೆಗೆ ತನ್ನಿ. ಅಲ್ಲಿಯವರೆಗೆ ಅದು ಬರೆದವರ ಮೇಜಿನ ಮೇಲೇ ಇರಲಿ.